ಸಣ್ಣ ವ್ಯಾಪಾರಕ್ಕೆ ಡಿಜಿಟಲ್ ಪ್ರಿಂಟ್: ಲೇಬಲ್, ಕಾರ್ಡು ಮಾಡ್ಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಪ್ರಿಂಟಿಂಗ್ ಅಂಗಡಿಗೆ ಬರೋರು ಮುಕ್ಕಾಲು ಪಾಲು ಜನ ಬಂದ ತಕ್ಷಣ ಕೇಳೋದು ಒಂದೇ, "ಒಂದು ಪೀಸಿಗೆ ಎಷ್ಟಾಗತ್ತೆ?" ಅಂತ. ಅದನ್ನ ಕೇಳಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೂ ಮುಂಚೆ ಮನೇಲೇ ಕೂತು ಒಂದು ಲೆಕ್ಕ ಹಾಕ್ಕೊಂಡು ಬನ್ನಿ, ಮುಂದಿನ ಮೂರು ತಿಂಗಳಲ್ಲಿ ನಿಜವಾಗ್ಲೂ ನಂಗೆ ಎಷ್ಟು ಪೀಸ್ ಬೇಕಾಗತ್ತೆ ಅಂತ. ಯಾಕಂದ್ರೆ ಪೀಸಿಗೆ ಐವತ್ತು ಪೈಸೆ ಉಳೀತು ಅಂತ ಐದು ಸಾವಿರ ಲೇಬಲ್ ಹೊಡೆಸಿ, ಆಮೇಲೆ ಬೆಲೆ ಬದಲಾಗಿ, ಫೋನ್ ನಂಬರ್ ಬದಲಾಗಿ, ಅರ್ಧಕ್ಕರ್ಧ ಅಟ್ಟದ ಮೇಲೆ ಧೂಳು ಹಿಡ್ಕೊಂಡು ಕೂತಿರೋ ಕಟ್ಟುಗಳನ್ನ ಎಷ್ಟೋ ಮನೇಲಿ ನೋಡಿದೀನಿ.

ಮನೇಲಿ ಚಟ್ನಿಪುಡಿ ಮಾಡಿ ಮಾರೋರನ್ನೇ ಉದಾಹರಣೆಗೆ ತಗೊಳ್ಳೋಣ, ಈಗ ಇಂಥ ವ್ಯಾಪಾರ ಬೀದಿಗೊಂದು ಇದೆ. ಶೇಂಗಾ, ಹುಚ್ಚೆಳ್ಳು, ಅಗಸೆ, ಕರಿಬೇವು, ನಾಲ್ಕು ಬಗೆ. ಪ್ಯಾಕೆಟ್ ಮೇಲೆ ಅಂಟಿಸೋಕೆ ಲೇಬಲ್ ಬೇಕು, ಜೊತೆಗೆ ಒಂದು ವಿಸಿಟಿಂಗ್ ಕಾರ್ಡು.

ಪ್ರಿಂಟ್ ಹೊಡೆಯೋಕೆ ಮುಖ್ಯವಾಗಿ ಎರಡು ವಿಧಾನ ಇದೆ, ಮೊದ್ಲು ಆ ಆಫ್‌ಸೆಟ್ಟಿಗೂ ಡಿಜಿಟಲ್ಲಿಗೂ ಏನು ವ್ಯತ್ಯಾಸ ಅಂತ ಹೇಳ್ಬಿಡ್ತೀನಿ. ಆಫ್‌ಸೆಟ್ಟಲ್ಲಿ ಕಲರ್ ಕೆಲಸ ಅಂದ್ರೆ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟ್ (ಅಚ್ಚಿನ ತಗಡು) ಆಗ್ಬೇಕು, ಸಯಾನ್ ಅನ್ನೋ ತಿಳಿನೀಲಿ, ಮೆಜೆಂಟಾ ಅನ್ನೋ ಗುಲಾಬಿ, ಹಳದಿ, ಕಪ್ಪು. ಪ್ಲೇಟ್ ಮಾಡ್ಸಿ, ಮೆಷಿನ್ನಿಗೆ ಕೂರಿಸಿ, ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರೋ ತನಕ ಒಂದಷ್ಟು ಶೀಟ್ ವೇಸ್ಟ್ ಆಗತ್ತೆ. ನೀವು ನೂರು ಕೇಳಿದ್ರೂ ಹತ್ತು ಸಾವಿರ ಕೇಳಿದ್ರೂ ಆ ಖರ್ಚು ಅಷ್ಟೇ. ಡಿಜಿಟಲ್ಲಲ್ಲಿ ಪ್ಲೇಟೇ ಇಲ್ಲ, ಕಂಪ್ಯೂಟರಿಂದ ಫೈಲ್ ನೇರ ಮೆಷಿನ್ನಿಗೆ ಹೋಗತ್ತೆ, ಮೊದಲನೇ ಶೀಟಿಂದಲೇ ಮಾಲು ರೆಡಿ. 1993ರಲ್ಲಿ ಇಸ್ರೇಲಿನ ಇಂಡಿಗೋ, ಬೆಲ್ಜಿಯಂನ ಝೈಕಾನ್ ಈ ಥರ ಪ್ಲೇಟಿಲ್ಲದ ಕಲರ್ ಪ್ರೆಸ್ ತಂದ್ವು, ಇಂಡಿಗೋನ ಎಚ್‌ಪಿ ಕಂಪನಿ 2002ರಲ್ಲಿ ಕೊಂಡ್ಕೊಳ್ತು. ಈಗ ಝೆರಾಕ್ಸ್, ಕೊನಿಕಾ ಮಿನೋಲ್ಟಾ, ಕ್ಯಾನನ್, ರಿಕೋ ಎಲ್ಲರ ಮೆಷಿನ್ನೂ ಇದೆ, ಊರಿನ ದೊಡ್ಡ ಝೆರಾಕ್ಸ್ ಅಂಗಡೀಲೂ ಒಂದು ಸಿಗತ್ತೆ.

ಯಾವುದು ಲಾಭ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ರೇಟು ಇಲ್ಲಿ ಸುಮ್ನೆ ಹಿಡ್ಕೊಂಡಿರೋದು, ನಿಮ್ಮೂರಿನ ರೇಟು ಹಾಕ್ಕೊಳ್ಳಿ. ಆಫ್‌ಸೆಟ್ಟಿಗೆ ಪ್ಲೇಟು, ಮೆಷಿನ್ ಕೂರ್ಸೋ ಖರ್ಚು ಎಲ್ಲಾ ಸೇರಿ 3000, ಆಮೇಲೆ ಶೀಟಿಗೆ 25 ರೂಪಾಯಿ ಅಂದ್ಕೊಳ್ಳಿ. ಡಿಜಿಟಲ್ಲಿಗೆ ಶೀಟಿಗೆ 40, ಬೇರೆ ಏನಿಲ್ಲ. ಶೀಟಿಗೆ 15 ರೂಪಾಯಿ ವ್ಯತ್ಯಾಸ. 3000ನ 15ರಿಂದ ಭಾಗಿಸಿದ್ರೆ 200 ಶೀಟು. ಅಂದ್ರೆ 200 ಶೀಟಿನ ತನಕ ಡಿಜಿಟಲ್ ಅಗ್ಗ, ಅದು ದಾಟಿದ್ರೆ ಆಫ್‌ಸೆಟ್. ಒಂದು ಶೀಟಲ್ಲಿ 12 ಲೇಬಲ್ ಕೂರತ್ತೆ ಅಂದ್ರೆ 2400 ಲೇಬಲ್ಲಿನ ತನಕ ಡಿಜಿಟಲ್ಲೇ ಸರಿ. ತಿಂಗಳಿಗೆ ಇನ್ನೂರು ಪ್ಯಾಕೆಟ್ ಮಾರೋರಿಗೆ ಮೂರು ತಿಂಗಳಿಗೆ 600 ಲೇಬಲ್, ಅಂದ್ರೆ 50 ಶೀಟು, ಡಿಜಿಟಲ್ಲಲ್ಲಿ 2000 ರೂಪಾಯಿ, ಆಫ್‌ಸೆಟ್ಟಲ್ಲಿ 4250. ಇಷ್ಟೇ ವಿಷಯ, ಇದಕ್ಕೆ ಯಾವ ಎಕ್ಸ್‌ಪರ್ಟೂ ಬೇಡ.

ಇನ್ನೊಂದು ಲಾಭ ಏನಪ್ಪಾ ಅಂದ್ರೆ ಒಂದೇ ಶೀಟಲ್ಲಿ ನಾಲ್ಕು ಬಗೆನೂ ಹಾಕ್ಬೋದು, ಇಷ್ಟು ಶೇಂಗಾ ಇಷ್ಟು ಅಗಸೆ ಅಂತ. ಅಗಸೆ ಪುಡಿ ಓಡ್ಲಿಲ್ಲ ಅಂದ್ರೆ ಮುಂದಿನ ಸಲ ಅದನ್ನ ತೆಗೆದು ಶೇಂಗಾ ಜಾಸ್ತಿ ಹಾಕ್ಸಿ. ದೀಪಾವಳಿಗೆ ಗಿಫ್ಟ್ ಬಾಕ್ಸ್ ಮಾಡ್ತೀರಾ, ಐವತ್ತೇ ಸ್ಟಿಕ್ಕರ್ ಬೇರೆ ಡಿಸೈನಲ್ಲಿ ಹೊಡೆಸಿ. ಪ್ರತಿ ಲೇಬಲ್ಲಿಗೂ ಬೇರೆ ಬೇರೆ ಸೀರಿಯಲ್ ನಂಬರ್, ಕೂಪನ್ ನಂಬರ್, ಕ್ಯೂಆರ್ ಕೋಡ್ ಬರೋ ಥರನೂ ಮಾಡ್ಬೋದು, ಎಕ್ಸೆಲ್ ಶೀಟಲ್ಲಿ ಪಟ್ಟಿ ಕೊಟ್ರೆ ಸಾಕು, ಇದಕ್ಕೆ ವೇರಿಯಬಲ್ ಡೇಟಾ ಅಂತಾರೆ. ಇದು ಆಫ್‌ಸೆಟ್ ಪ್ಲೇಟಿಂದ ಆಗಲ್ಲ, ಪ್ಲೇಟಲ್ಲಿ ಏನಿದೆಯೋ ಅದೇ ಎಲ್ಲಾ ಶೀಟಲ್ಲೂ ಬರೋದು.

ಹಾಗಂತ ಎಲ್ಲದಕ್ಕೂ ಡಿಜಿಟಲ್ ಅನ್ನಲ್ಲ. ಹತ್ತು ಸಾವಿರ ಪಾಂಪ್ಲೆಟ್ ಪೇಪರ್ ಜೊತೆ ಹಂಚ್ಬೇಕು, ಅಂಗಡಿ ಹೆಸರಿನ ಕ್ಯಾಲೆಂಡರ್ ಸಾವಿರಗಟ್ಲೆ ಬೇಕು, ಬಿಲ್ ಬುಕ್ ಬೇಕು ಅಂದ್ರೆ ಕಣ್ಮುಚ್ಕೊಂಡು ಆಫ್‌ಸೆಟ್ಟಿಗೆ ಹೋಗಿ. ಕ್ಯಾಲೆಂಡರ್ ಅಂತೂ ಎಲ್ಲಿ ಆರ್ಡರ್ ಕೊಟ್ರೂ ಸುಮಾರು ಕೆಲಸ ಕೊನೆಗೆ ಶಿವಕಾಶಿಗೇ ಹೋಗತ್ತೆ. ಬಟ್ಟೆ ಚೀಲದ ಮೇಲೆ ಒಂದೇ ಬಣ್ಣದ ಲೋಗೋ ಅಂದ್ರೆ ಸ್ಕ್ರೀನ್ ಪ್ರಿಂಟಿಂಗೇ ಸಾಕು. ಬೆಂಗಳೂರಲ್ಲಿ ಇರೋರು ಸುಲ್ತಾನ್‌ಪೇಟೆ, ಅವೆನ್ಯೂ ರೋಡ್ ಕಡೆ ಒಂದು ಸುತ್ತು ಹಾಕಿದ್ರೆ ಪೇಪರ್ರು, ಕಾರ್ಡು ಎಲ್ಲಾ ಕೈಯಲ್ಲಿ ಮುಟ್ಟಿ ನೋಡ್ಬೋದು, ಮೊಬೈಲಲ್ಲಿ ಫೋಟೋ ನೋಡಿ ಪೇಪರ್ ಆರಿಸ್ಬೇಡಿ.

ಈಗ ಲೇಬಲ್ ಸೈಜು. ಇಲ್ಲಿ ಯಾರೂ ಹೇಳದೇ ಇರೋ ಒಂದು ವಿಷಯ ಇದೆ. ಡಿಜಿಟಲ್ ಅಂಗಡೀಲಿ ಸಾಮಾನ್ಯವಾಗಿ ಶೀಟು 12x18 ಇಂಚು ಅಥ್ವಾ 13x19 ಇಂಚು. ರೇಟು ಶೀಟಿಗೆ, ನೀವು ಅದ್ರಲ್ಲಿ ಎಷ್ಟು ತುಂಬಿಸ್ತೀರೋ ನಿಮಗೆ ಬಿಟ್ಟಿದ್ದು. ಲೇಬಲ್ 3x4 ಇಂಚು ಅಂತಿಟ್ಕೊಳ್ಳಿ, ಕಟಿಂಗಿಗೆ ಅಂತ ಸುತ್ತ 3 ಮಿಲಿಮೀಟರ್, ಜೊತೆಗೆ ಶೀಟಿನ ಅಂಚಲ್ಲಿ ಮೆಷಿನ್ ಪ್ರಿಂಟ್ ಮಾಡದ ಜಾಗ ಬಿಟ್ರೆ 13x19 ಶೀಟಲ್ಲಿ 12 ಕೂರತ್ತೆ. ಅದೇ ಲೇಬಲ್ಲಿನ ಅಗಲ ಬರೀ ಕಾಲು ಇಂಚು ಕಮ್ಮಿ ಮಾಡಿ, ಎರಡೂ ಮುಕ್ಕಾಲು ಇಂಚು ಮಾಡಿದ್ರೆ ಅಡ್ಡಕ್ಕೆ ಮೂರರ ಬದಲು ನಾಲ್ಕು ಕೂತು 16 ಆಗತ್ತೆ! ಅದೇ ಶೀಟು ಅದೇ ದುಡ್ಡು, ನಾಲ್ಕು ಲೇಬಲ್ ಪುಕ್ಕಟೆ. ಅದಕ್ಕೇ ಡಿಸೈನ್ ಮಾಡ್ಸೋಕೆ ಮುಂಚೆನೇ ಅಂಗಡಿಯವ್ರ ಹತ್ರ "ನಿಮ್ಮ ಶೀಟಲ್ಲಿ ಯಾವ ಸೈಜ್ ಚೆನ್ನಾಗಿ ಕೂರತ್ತೆ" ಅಂತ ಕೇಳಿ, ಡಿಸೈನ್ ಮುಗಿದ ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.

ಸ್ಟಿಕ್ಕರ್ ಶೀಟಿಗೆ ಅಂಗಡೀಲಿ ಗಮ್ಮಿಂಗ್ ಶೀಟ್ ಅಂತಾರೆ. ಪೇಪರ್ ಗಮ್ಮಿಂಗ್ ಅಗ್ಗ, ಆದ್ರೆ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ ಇಂಥ ಎಣ್ಣೆ ಜಿಡ್ಡಿನ ಮಾಲಿಗೆ ಅದು ಆಗಿಬರಲ್ಲ, ಪ್ಯಾಕ್ ಮಾಡೋ ಕೈಯಲ್ಲಿ ಎಣ್ಣೆ ಇದ್ರೆ ಸಾಕು, ಮಾರನೇ ದಿನ ಲೇಬಲ್ ಮೇಲೆ ಕಪ್ಪು ಕಲೆ. ನಾನ್ ಟಿಯರೇಬಲ್ ಶೀಟ್ ಕೇಳಿ, ಹರಿಯಲ್ಲ, ನೀರಿಗೂ ಹಾಳಾಗಲ್ಲ, ಸ್ವಲ್ಪ ದುಡ್ಡು ಜಾಸ್ತಿ. ಅಥ್ವಾ ಪೇಪರ್ ಗಮ್ಮಿಂಗ್ ಮೇಲೆ ಲ್ಯಾಮಿನೇಷನ್ ಮಾಡ್ಸಿ, ಆದ್ರೂ ಅಂಚಿಂದ ಎಣ್ಣೆ ಒಳಗೆ ಹೋಗತ್ತೆ. ಲ್ಯಾಮಿನೇಷನ್ ಮಾಡ್ಸಿದ್ರೆ ಇನ್ನೊಂದು ತೊಂದರೆ, ಬ್ಯಾಚ್ ನಂಬರ್, ತಯಾರಾದ ದಿನಾಂಕ ನೀವು ರಬ್ಬರ್ ಸ್ಟಾಂಪಲ್ಲಿ ಒತ್ತೋರಾದ್ರೆ ಆ ಇಂಕ್ ಲ್ಯಾಮಿನೇಷನ್ ಮೇಲೆ ಒಣಗಲ್ಲ, ಬೆರಳು ತಾಗಿದ್ರೆ ಅಳಿಸಿ ಹೋಗತ್ತೆ. ದಿನಾಂಕಕ್ಕೆ ಅಂತ ಬೇರೆ ಸಣ್ಣ ಪೇಪರ್ ಸ್ಟಿಕ್ಕರ್ ಇಟ್ಕೊಳ್ಳೋದು ಸುಲಭ.

ಲೇಬಲ್ಲಲ್ಲಿ ಏನೇನಿರ್ಬೇಕು ಅನ್ನೋದು ನಿಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ತಿನ್ನೋ ಪದಾರ್ಥ ಆದ್ರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೋಗೋ ಮತ್ತೆ ಅವರು ಕೊಟ್ಟ 14 ಅಂಕಿಯ ಲೈಸೆನ್ಸ್ ನಂಬರ್, ಸಸ್ಯಾಹಾರ ಆದ್ರೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಏನೇನು ಹಾಕಿದೀರಿ ಅನ್ನೋ ಪಟ್ಟಿ ಜಾಸ್ತಿ ಇರೋದ್ರಿಂದ ಕಮ್ಮಿ ಇರೋದಕ್ಕೆ, ಶೇಂಗಾ ಥರ ಅಲರ್ಜಿ ಆಗೋ ವಸ್ತು ಇದ್ರೆ ಅದರ ಮಾಹಿತಿ, ನಿವ್ವಳ ತೂಕ, ಎಲ್ಲಾ ತೆರಿಗೆ ಸೇರಿ ಎಂಆರ್‌ಪಿ, ತಯಾರಾದ ದಿನ, ಎಷ್ಟು ದಿನದೊಳಗೆ ಬಳಸ್ಬೇಕು, ನಿಮ್ಮ ಹೆಸರು ವಿಳಾಸ, ದೂರು ಹೇಳೋಕೆ ಫೋನ್. ಇಷ್ಟಕ್ಕೆ ನಿಲ್ಲಲ್ಲ, ಪ್ರಿಂಟಿಗೆ ಕೊಡೋ ಮುಂಚೆ ಲೈಸೆನ್ಸ್ ಮಾಡ್ಸಿಕೊಟ್ಟೋರ ಹತ್ರ ಒಂದ್ಸಲ ತೋರಿಸ್ಬಿಡಿ. ಮತ್ತೆ ಬರೀ ಕನ್ನಡದಲ್ಲಿ ಹಾಕಿದ್ರೆ ಆಗಲ್ಲ, ಈ ಮಾಹಿತಿ ಇಂಗ್ಲಿಷಲ್ಲೋ ಹಿಂದಿಯಲ್ಲೋ ಇರ್ಲೇಬೇಕು ಅಂತ ನಿಯಮ, ಕನ್ನಡ ಅದರ ಜೊತೆಗೆ ಹಾಕ್ಬೋದು. ಹಾಕಿ, ಹೆಸರನ್ನಂತೂ ದೊಡ್ಡದಾಗಿ ಕನ್ನಡದಲ್ಲೇ ಹಾಕಿ, ಚಟ್ನಿಪುಡಿ ತಗೊಳ್ಳೋರು ಯಾರು ಮತ್ತೆ?

ಕನ್ನಡ ಅಂದ ಕೂಡ್ಲೇ ಬಂತು ನೋಡಿ ದೊಡ್ಡ ತಲೆನೋವು. ಒತ್ತಕ್ಷರ. ಮನೇಲಿ ಕಂಪ್ಯೂಟರಲ್ಲಿ "ಚಟ್ನಿಪುಡಿ" ಅಂತ ಸರಿಯಾಗೇ ಇರತ್ತೆ, ಅಂಗಡೀಲಿ ಫೈಲ್ ತೆಗೆದ್ರೆ "ಚಟ್‌ನಿಪುಡಿ" ಅಂತ ಬಿಡಿಬಿಡಿಯಾಗಿ ನಿಂತಿರತ್ತೆ. ಅಥ್ವಾ ಹಳೇ ನುಡಿ, ಬರಹ ಫಾಂಟಲ್ಲಿ ಮಾಡಿದ್ದಾದ್ರೆ, ಆ ಫಾಂಟ್ ಅಂಗಡಿಯವ್ರ ಹತ್ರ ಇಲ್ಲ ಅಂದ್ರೆ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಅಲ್ಲಿ ಕೂತಿರೋ ಹುಡುಗನಿಗೆ ಕನ್ನಡ ಓದೋಕೆ ಬರದೇ ಇದ್ರಂತೂ ಅದು ಹಾಗೇ ಪ್ರಿಂಟ್ ಆಗಿ ನಿಮ್ಮ ಕೈಗೆ ಬರತ್ತೆ. ಇದಕ್ಕೆ ಮದ್ದು ಸುಲಭ. ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಮಾಡಿದ್ರೆ ಅಕ್ಷರ ಎಲ್ಲಾ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿ, ಇಲಸ್ಟ್ರೇಟರಲ್ಲಿ ಔಟ್‌ಲೈನ್ಸ್ ಮಾಡಿ. ಅಕ್ಷರ ಆಮೇಲೆ ಅಕ್ಷರವಾಗಿ ಉಳಿಯಲ್ಲ, ಚಿತ್ರದ ಥರ ಆಗ್ಬಿಡತ್ತೆ, ಯಾವ ಕಂಪ್ಯೂಟರಲ್ಲಿ ತೆಗೆದ್ರೂ ಒತ್ತು ಅಲುಗಾಡಲ್ಲ. ಆದ್ರೆ ಕರ್ವ್ಸ್ ಮಾಡೋಕೆ ಮುಂಚೆ ಒಂದು ಕಾಪಿ ಬೇರೆ ಹೆಸರಲ್ಲಿ ಇಟ್ಕೊಳ್ಳಿ, ಕರ್ವ್ಸ್ ಆದ ಮೇಲೆ ಬೆಲೆ ತಿದ್ದೋಕೆ ಆಗಲ್ಲ.

ಅಕ್ಷರದ ಸೈಜೂ ನೋಡ್ಬೇಕು. ಇಂಗ್ಲಿಷ್ 6 ಪಾಯಿಂಟಲ್ಲಿ ಓದೋಕಾಗತ್ತೆ, ಕನ್ನಡದಲ್ಲಿ ಕೆಳಗೆ ಒತ್ತು ಬಂದಾಗ ಅದು ಮಸಿ ಚುಕ್ಕಿ ಆಗ್ಬಿಡತ್ತೆ. ಅದ್ರಲ್ಲೂ ಕಡುಗೆಂಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಹಾಕಿದ್ರೆ ಸುತ್ತಲಿನ ಬಣ್ಣ ಒತ್ತಿನ ಒಳಗೆ ತುಂಬ್ಕೊಳ್ಳತ್ತೆ. ಸಣ್ಣ ಅಕ್ಷರ ಎಲ್ಲಾ ಬಿಳಿ ಮೇಲೆ ಬರೀ ಕಪ್ಪಲ್ಲಿ ಇರ್ಲಿ, ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪು ಬೇಡ.

ಫೋಟೋ ವಿಷಯಕ್ಕೆ ಬಂದ್ರೆ 300 ಡಿಪಿಐ ಅನ್ನೋ ಮಾತು ಎಲ್ಲರೂ ಹೇಳ್ತಾರೆ. ಅದರ ಅರ್ಥ ಇಷ್ಟೇ, ಇಂಚಿಗೆ 300 ಪಿಕ್ಸೆಲ್ ಬೇಕು. ಇನ್‌ಸ್ಟಾಗ್ರಾಮಿಗೆ ಮಾಡ್ಸಿದ 1080 ಪಿಕ್ಸೆಲ್ ಲೋಗೋ 3.6 ಇಂಚಿನ ತನಕ ಚೆನ್ನಾಗಿ ಬರತ್ತೆ, ಅದನ್ನೇ ಎಳೆದು ಏ4 ಪೂರ್ತಿ ಹಾಕಿದ್ರೆ ಮಬ್ಬಾಗತ್ತೆ. ವಾಟ್ಸಾಪಲ್ಲಿ ಫೋಟೋ ಅಂತ ಕಳ್ಸಿದ್ರೆ ಅದು ಕುಗ್ಗಿಸಿ ಕಳ್ಸತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿ, ಇಲ್ಲಾ ಪಿಡಿಎಫ್ ಮಾಡಿ ಮೇಲ್ ಮಾಡಿ. ಕ್ಯಾನ್ವಾದಲ್ಲಿ ಮಾಡೋರು ಪಿಡಿಎಫ್ ಪ್ರಿಂಟ್ ಆರಿಸಿ, ಕ್ರಾಪ್ ಮಾರ್ಕ್ಸ್ ಮತ್ತೆ ಬ್ಲೀಡ್ ಅನ್ನೋದಕ್ಕೆ ಟಿಕ್ ಹಾಕಿ ಡೌನ್‌ಲೋಡ್ ಮಾಡಿ. ಬ್ಲೀಡ್ ಅಂದ್ರೆ ನಾನು ಮೇಲೆ ಹೇಳಿದ್ನಲ್ಲ, ಸುತ್ತ 3 ಮಿಲಿಮೀಟರ್ ಬಿಡೋದು ಅಂತ, ಅದೇ. ಹಿನ್ನೆಲೆ ಬಣ್ಣ ಅಲ್ಲೀ ತನಕ ಚಾಚಿರ್ಬೇಕು, ಇಲ್ಲಾಂದ್ರೆ ಕಟಿಂಗ್ ಕೂದಲೆಳೆ ಆಚೀಚೆ ಆದ್ರೂ ಅಂಚಲ್ಲಿ ಬಿಳಿ ಗೆರೆ ಕಾಣತ್ತೆ.

ಬಣ್ಣದ ಬಗ್ಗೆ ಜಗಳ ಆಗೋದೇ ಜಾಸ್ತಿ. ಮೊಬೈಲ್ ಪರದೆ ಬೆಳಕಲ್ಲಿ ಬಣ್ಣ ತೋರಿಸತ್ತೆ, ಪೇಪರ್ ಹಾಗಲ್ಲ, ಹೊಳೆಯೋ ಗಿಳಿಹಸಿರು, ಕಿತ್ತಳೆ ಎಲ್ಲಾ ಪೇಪರ್ ಮೇಲೆ ಒಂಚೂರು ಮಂಕಾಗೇ ಬರೋದು. ಅಂಗಡಿಯವ್ರನ್ನ ಬೈದು ಉಪಯೋಗ ಇಲ್ಲ. ಒಂದೇ ಒಂದು ಶೀಟ್ ಮೊದ್ಲು ಹೊಡೆಸಿ, ಪ್ಲೇಟ್ ಖರ್ಚಿಲ್ಲ ಅಲ್ವಾ, ಒಂದು ಶೀಟಿನ ದುಡ್ಡು ಅಷ್ಟೇ. ಅದನ್ನ ಅಂಗಡಿ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಕೋಬೇಡಿ, ಹೊರಗೆ ಬಿಸಿಲಿಗೆ ತಂದು ನೋಡಿ, ಕತ್ತರಿಸಿ ನಿಜವಾದ ಪ್ಯಾಕೆಟ್ ಮೇಲೆ ಅಂಟಿಸಿ ನೋಡಿ, ಕ್ಯೂಆರ್ ಇದ್ರೆ ಎರಡು ಬೇರೆ ಫೋನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಯುಪಿಐ ಕೋಡಾದ್ರೆ ಒಂದು ರೂಪಾಯಿ ಹಾಕಿ ದುಡ್ಡು ನಿಮಗೇ ಬಂತಾ ನೋಡಿ. ಫೋನ್ ನಂಬರ್ ಮನೆಯವ್ರ ಕೈಲಿ ಜೋರಾಗಿ ಓದಿಸಿ. ಸರಿ ಇದ್ರೆ ಆ ಶೀಟ್ ಮೇಲೆ ದಿನಾಂಕ ಬರೆದು ಜೋಪಾನ ಮಾಡಿ, ಮುಂದಿನ ಸಲ ಬೇರೆ ಮೆಷಿನ್ನಲ್ಲಿ ಹೊಡೆದ್ರೆ ಬಣ್ಣ ಬದಲಾಗತ್ತೆ, ಆಗ "ಹಿಂಗೇ ಬೇಕು" ಅಂತ ತೋರ್ಸೋಕೆ ಅದೇ ಸಾಕ್ಷಿ.

ವಿಸಿಟಿಂಗ್ ಕಾರ್ಡಿಗೆ ಜಾಸ್ತಿ ಹೇಳೋದಿಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ಆರ್ಟ್ ಕಾರ್ಡು, ಮ್ಯಾಟ್ ಲ್ಯಾಮಿನೇಷನ್, ನೂರು ಸಾಕು. ಮಡಚೋ ಕಾರ್ಡೋ ಬ್ರೋಷರ್ರೋ ಆದ್ರೆ ಮಾತ್ರ ಕ್ರೀಸಿಂಗ್ ಮಾಡ್ಸಿ, ಅಂದ್ರೆ ಮಡಚೋ ಜಾಗದಲ್ಲಿ ಗೆರೆ ಒತ್ತಿಸಿ, ಡಿಜಿಟಲ್ ಮೆಷಿನ್ನಿನ ಟೋನರ್ (ಬಣ್ಣದ ಪುಡಿ) ಪೇಪರ್ ಮೇಲೆ ಪದರದ ಥರ ಕೂತಿರತ್ತೆ, ಹಾಗೇ ಮಡಚಿದ್ರೆ ಮಡಿಕೆ ಜಾಗದಲ್ಲಿ ಸೀಳಿ ಬಿಳೀದು ಕಾಣತ್ತೆ.

ಅಂಗಡಿ ಬೋರ್ಡಿಗೂ ಡಿಜಿಟಲ್ ಪ್ರಿಂಟೇ, ಆದ್ರೆ ನೆನಪಿರ್ಲಿ, ಕರ್ನಾಟಕದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿದೆ, ಎಲ್ಲಾ ಕಡೆ ಕಾಣತ್ತೆ ಅಂತ ನೀವೂ ಕಟ್ಬೇಡಿ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರ್ಬೇಕು, ಅದೂ ಮೇಲ್ಭಾಗದಲ್ಲಿ.

ಕೊನೇಗೆ ರೇಟ್ ಕೇಳೋವಾಗ "ಪ್ರಿಂಟ್ ಎಷ್ಟು" ಅಂತಷ್ಟೇ ಕೇಳಿದ್ರೆ ಬರೀ ಪ್ರಿಂಟಿನ ರೇಟೇ ಹೇಳ್ತಾರೆ. ಲ್ಯಾಮಿನೇಷನ್, ಕಟಿಂಗ್, ಸ್ಟಿಕ್ಕರಿಗೆ ಹಾಫ್ ಕಟ್, ಡಿಸೈನ್ ತಿದ್ದಿದ್ದು, ಜಿಎಸ್‌ಟಿ ಎಲ್ಲಾ ಸೇರಿ ಎಷ್ಟು ಅಂತ ಕೇಳಿ ವಾಟ್ಸಾಪಲ್ಲಿ ಹಾಕಿಸ್ಕೊಳ್ಳಿ. ಹಾಫ್ ಕಟ್ ಅಂದ್ರೆ ಮೇಲಿನ ಸ್ಟಿಕ್ಕರ್ ಮಾತ್ರ ಕಟ್ಟಾಗಿ ಹಿಂದಿನ ಪೇಪರ್ ಹಾಗೇ ಇರತ್ತೆ, ಒಂದೊಂದೇ ಕಿತ್ತು ಅಂಟಿಸ್ಬೋದು. ಗುಂಡಗಿರೋ ಸ್ಟಿಕ್ಕರಿಗೆ ಅದು ಬೇಕೇ ಬೇಕು, ಚೌಕ ಆದ್ರೆ ಮಾಮೂಲಿ ಕಟಿಂಗ್ ಸಾಕು, ದುಡ್ಡೂ ಕಮ್ಮಿ. ಡಿಸೈನ್ ದುಡ್ಡು ಕೊಟ್ಟು ಮಾಡ್ಸಿದ್ರೆ ತಿದ್ದೋಕೆ ಬರೋ ಫೈಲ್ ಕೂಡ ಇಸ್ಕೊಳ್ಳಿ, ಕೊಡ್ತೀವಿ ಅಂತ ಕೆಲಸ ಒಪ್ಪಿಸೋ ಮುಂಚೆನೇ ಹೇಳಿಸ್ಕೊಳ್ಳಿ, ಆಮೇಲೆ ಕೇಳಿದ್ರೆ ಕೆಲವ್ರು ಅದಕ್ಕೇ ಬೇರೆ ಚಾರ್ಜ್ ಅಂತಾರೆ.