ಇಕ್ಕಟ್ಟಿನಲ್ಲಿ ಟ್ರೇಲರ್ ತಿರುಗಿಸೋದು: ನನ್ನ ಅನುಭವ

ಸಾಮಾನ್ಯ ಲಾರಿ ಬಿಟ್ಟು ಟ್ರೇಲರ್ ಹತ್ತಿದಾಗ ನಾನು ಮೊದಲು ಬದಲಿಸಿಕೊಂಡದ್ದು ಕಣ್ಣಿನ ಅಭ್ಯಾಸ. ತಿರುವಿನಲ್ಲಿ ಮುಂದಿನ ರಸ್ತೆಯನ್ನಷ್ಟೇ ನೋಡುತ್ತಿದ್ದರೆ ಸಾಲದು. ಒಳಬದಿಯ ಕನ್ನಡಿಯಲ್ಲಿ ಟ್ರೇಲರ್‌ನ ಹಿಂದಿನ ಚಕ್ರ ಎಲ್ಲಿ ಉರುಳುತ್ತಿದೆ ಎಂದು ನೋಡುತ್ತಲೇ ಇರಬೇಕು. ಮುಂದಿನ ಎಳೆಯುವ ಗಾಡಿ, ನಾವು ಹಾರ್ಸ್ ಅನ್ನುತ್ತೇವಲ್ಲ, ಅದು ಸಲೀಸಾಗಿ ತಿರುಗುತ್ತದೆ. ಆದರೆ ಟ್ರೇಲರ್ ಅದೇ ಜಾಡಿನಲ್ಲಿ ಬರುವುದಿಲ್ಲ. ಮೂಲೆ ಕತ್ತರಿಸಿಕೊಂಡು ಒಳಗೆ ಬರುತ್ತದೆ.

ಎಷ್ಟು ಒಳಗೆ ಅಂದರೆ, ಒಂದು ಲೆಕ್ಕ ನೋಡಿ. ಕಿಂಗ್‌ಪಿನ್‌ನಿಂದ (ಟ್ರೇಲರನ್ನು ಹಾರ್ಸ್‌ಗೆ ಕೂಡಿಸುವ ಪಿನ್) ಹಿಂದಿನ ಆಕ್ಸಲ್‌ಗಳ, ಅಂದರೆ ಚಕ್ರದ ಅಚ್ಚುಗಳ, ಮಧ್ಯದವರೆಗೆ 8 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಕಿಂಗ್‌ಪಿನ್ 12 ಮೀಟರ್ ತ್ರಿಜ್ಯದಲ್ಲಿ ಸುತ್ತು ಹೊಡೆಯುತ್ತಿದ್ದರೆ, ಹಿಂದಿನ ಆಕ್ಸಲ್ ಸುತ್ತುವುದು ಹೆಚ್ಚುಕಡಿಮೆ 9 ಮೀಟರ್ ತ್ರಿಜ್ಯದಲ್ಲಿ. 3 ಮೀಟರ್ ಒಳಗೆ ಬಂತು! ಗಾಡಿಯ ಅಗಲವೇ ಸುಮಾರು 2.5 ಮೀಟರ್. ಅದೇ 8ರ ಬದಲು 6 ಮೀಟರ್ ಇದ್ದರೆ ಒಳಗೆ ಬರುವುದು 1.6 ಮೀಟರ್ ಅಷ್ಟೇ. ಯು ಟರ್ನ್‌ನಂಥ ಉದ್ದ ತಿರುವಿನಲ್ಲಿ ಇದು ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ. ಮಾಮೂಲಿ ತಿರುವು ಅದಕ್ಕೆ ಮೊದಲೇ ಮುಗಿಯುವುದರಿಂದ ಸ್ವಲ್ಪ ಕಡಿಮೆ. ನಿಧಾನಕ್ಕೆ ಹೋದರೆ ಒಳಗೆ ಬರುವುದು ಕಡಿಮೆಯಾಗುತ್ತೆ ಅಂತ ಕೆಲವರು ಅಂದುಕೊಂಡಿದ್ದಾರೆ. ಆಗೋದಿಲ್ಲ. ನಿಧಾನಕ್ಕೆ ಹೋದರೆ ನೋಡೋಕೆ, ನಿಲ್ಲಿಸೋಕೆ ಟೈಮ್ ಸಿಗುತ್ತದೆ, ಅಷ್ಟೇ.

ಎರಡು ಕಂಬಗಳ ನಡುವಿನ ಗೇಟಿಗೆ ರಸ್ತೆಯಿಂದ ತಿರುಗುವಾಗ ನಾನು ಮಾಡುವುದು ಇಷ್ಟು. ಕಂಬ ಕ್ಯಾಬಿನ್ ಪಕ್ಕಕ್ಕೆ ಬಂತು ಅಂತ ಸ್ಟೇರಿಂಗ್ ತಿರುಗಿಸುವುದಿಲ್ಲ. ನೇರ ಮುಂದೆ ಹೋಗುತ್ತೇನೆ. ಕಂಬ ನನ್ನ ಸೀಟಿನಿಂದ ಸಾಕಷ್ಟು ಹಿಂದೆ ಬಿದ್ದಮೇಲೆ, ಗಾಡಿ ತೆವಳುತ್ತಿರುವಾಗಲೇ, ಫುಲ್ ಕಟ್ ಕೊಡುತ್ತೇನೆ, ಅಂದರೆ ಸ್ಟೇರಿಂಗನ್ನು ಕೊನೆಯವರೆಗೂ ತಿರುಗಿಸುತ್ತೇನೆ. ಮೂತಿ ಎದುರು ಬದಿಯ ಅಂಚಿನವರೆಗೂ ಹೋಗುತ್ತದೆ, ಹೋಗಲಿ. ಹಾರ್ಸ್ ಮಡಚಿಕೊಳ್ಳುತ್ತಿದ್ದಂತೆ ಹೊರಬದಿಯ ಕನ್ನಡಿಯಲ್ಲಿ ಟ್ರೇಲರ್ ಮಾಯ. ಒಳಬದಿಯದರಲ್ಲಿ ಅದರ ಪಕ್ಕೆಯೇ ತುಂಬಿಕೊಂಡು ಬರುತ್ತದೆ. ಹಿಂದಿನ ಚಕ್ರಕ್ಕೂ ಕಂಬಕ್ಕೂ ನಡುವಿನ ಸಂದು ಕಿರಿದಾಗುತ್ತಿದೆ ಅನ್ನಿಸಿದರೆ ಸ್ಟೇರಿಂಗ್ ಒಂದಿಷ್ಟು ಬಿಡುತ್ತೇನೆ. ಮೂತಿ ಹೊರಗೆ ಸರಿದರೆ ಚಕ್ರ ಒಳಗೆ ಬರುವ ವೇಗ ತಗ್ಗುತ್ತದೆ. ಮೂತಿಗೆ ಜಾಗ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಬಂದ ಜಾಡಿನಲ್ಲೇ ಸ್ವಲ್ಪ ಹಿಂದೆ ತಗೊಂಡು, ಈ ಸಲ ಇನ್ನೂ ಮುಂದೆ ಹೋಗಿ ತಿರುಗಿಸುತ್ತೇನೆ. ಡೌಟಿದ್ದರೆ ಇಳಿದು ನೋಡುತ್ತೇನೆ. ಹಿಂದೆ ಹಾರ್ನ್ ಹೊಡೆಯುವವರು ಹೊಡೆಯುತ್ತಿರಲಿ.

ಮೊದಲು ಎದುರು ಬದಿಗೆ ಎಳೆದು ಆಮೇಲೆ ಒಳಗೆ ತಿರುಗಿಸುವ ರೂಢಿ ಹಲವರಿಗಿದೆ. ನನಗದು ಹಿಡಿಸುವುದಿಲ್ಲ. ಒಳಬದಿಯಲ್ಲಿ ಒಂದು ಬೈಕ್ ನುಗ್ಗುವಷ್ಟು ಜಾಗ ತೆರೆದುಕೊಳ್ಳುತ್ತದೆ, ಬೈಕಿನವನು ನುಗ್ಗಿಯೇ ನುಗ್ಗುತ್ತಾನೆ. ಆಮೇಲೆ ಟ್ರೇಲರ್ ಬರುವುದು ಅವನ ಮೇಲೇ ಅಲ್ವಾ? ಅದಕ್ಕೆ ನಾನು ಒಳಬದಿಯ ಅಂಚಿಗೆ ಹತ್ತಿರವೇ ಇದ್ದು, ತಡವಾಗಿ ತಿರುಗಿಸುತ್ತೇನೆ. ತಿರುಗಿಸುವ ಮುಂಚೆ ಆ ಬದಿ ಇನ್ನೊಮ್ಮೆ ನೋಡುತ್ತೇನೆ.

ಹೊರಬದಿಯನ್ನೂ ಮರೆಯುವ ಹಾಗಿಲ್ಲ. ಆಕ್ಸಲ್ ಹಿಂದೆ ಚಾಚಿಕೊಂಡ ಭಾಗ ತಿರುವಿನ ಶುರುವಿನಲ್ಲಿ ಉಲ್ಟಾ ದಿಕ್ಕಿಗೆ ಬೀಸುತ್ತದೆ. ಬಾಲ ಉದ್ದ ಇದ್ದಷ್ಟೂ ಜಾಸ್ತಿ. ಪಕ್ಕದಲ್ಲಿ ನಿಂತ ಕಾರಿನ ಕನ್ನಡಿ ಹೋಗುವುದು ಹೀಗೇ.

ಮೂರು ಆಕ್ಸಲ್ ಇದ್ದರೆ ಗಾಡಿ ತಿರುಗುವುದು ಹೆಚ್ಚುಕಡಿಮೆ ನಡುವಿನದರ ಮೇಲೆ. ಮುಂದಿನದು, ಹಿಂದಿನದು ಎರಡೂ ಅಡ್ಡಡ್ಡ ಉಜ್ಜಿಕೊಂಡು ಬರುತ್ತವೆ. ಲೋಡ್ ತುಂಬಿ ಕಾಂಕ್ರೀಟ್ ಮೇಲೆ ಫುಲ್ ಕಟ್ ಕೊಟ್ಟರೆ ಟೈರು ಬಾಗಿ ಕಿರುಗುಟ್ಟುವುದು ಕ್ಯಾಬಿನ್‌ಗೇ ಕೇಳುತ್ತದೆ, ಕಪ್ಪು ಗೆರೆ ಉಳಿಯುತ್ತದೆ. ಜಾಗ ಇದ್ದರೆ ಸುಮ್ನೆ ಅಷ್ಟು ಕಟ್ ಕೊಡಬಾರದು. ಖಾಲಿ ಇದ್ದಾಗ ಮೊದಲ ಆಕ್ಸಲ್ ಎತ್ತಿದರೆ ಉಜ್ಜುವುದು ಕಡಿಮೆಯಾಗುತ್ತದೆ. ಆದರೆ ತಿರುಗುವ ಬಿಂದು ಹಿಂದೆ ಸರಿಯುವುದರಿಂದ ಚಕ್ರ ಇನ್ನಷ್ಟು ಒಳಗೆ ಬರುತ್ತದೆ.

ರಿವರ್ಸ್‌ಗೆ ನನ್ನದೊಂದು ಸರಳ ರೂಢಿ: ಕೈಯನ್ನು ಸ್ಟೇರಿಂಗ್‌ನ ಕೆಳಭಾಗದಲ್ಲಿ ಇಟ್ಟುಕೊಳ್ಳುವುದು. ಟ್ರೇಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯೂ ಅದೇ ಕಡೆ ಹೋಗುತ್ತದೆ, ಉಲ್ಟಾ ಯೋಚಿಸುವ ಗೋಜಿಲ್ಲ. ಟ್ರೇಲರ್ ತಿರುಗಲು ಶುರು ಮಾಡಿದ ಕೂಡಲೇ ಸ್ಟೇರಿಂಗನ್ನು ಆಚೆ ಕಡೆಗೆ ತಿರುಗಿಸಿ, ಹಾರ್ಸ್ ಅದರ ಹಿಂದೆ ಬರುವಂತೆ ಮಾಡಬೇಕು. ತಡಮಾಡಿದರೆ ಹಾರ್ಸ್‌ಗೂ ಟ್ರೇಲರ್‌ಗೂ ನಡುವಿನ ಮಡಿಕೆ ಬಿಗಿಯಾಗುತ್ತಲೇ ಹೋಗುತ್ತದೆ. ಒಂದು ಹಂತ ದಾಟಿದರೆ ಹಿಂದೆ ಹೋಗುತ್ತಾ ಅದನ್ನು ಬಿಡಿಸಲು ಆಗುವುದೇ ಇಲ್ಲ, ಕ್ಯಾಬಿನ್ ಟ್ರೇಲರ್‌ನ ಮೂಲೆಗೆ ತಾಗುತ್ತದೆ. ನಾನು ಅಲ್ಲಿಯವರೆಗೆ ಬಿಡುವುದಿಲ್ಲ. ಮಡಿಕೆ ಜಾಸ್ತಿ ಆಯಿತು ಅನ್ನಿಸಿದರೆ ಮುಂದಕ್ಕೆ ತಗೊಂಡು ನೇರ ಮಾಡಿಕೊಂಡು ಮತ್ತೆ ಹಾಕುತ್ತೇನೆ. ಆದಷ್ಟೂ ಡ್ರೈವರ್ ಬದಿಗೇ ರಿವರ್ಸ್ ಬರುವ ಹಾಗೆ ಗಾಡಿ ನಿಲ್ಲಿಸಿಕೊಳ್ಳುತ್ತೇನೆ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಹಿಂದಿನ ಚಕ್ರ ಕಾಣುತ್ತದೆ. ಆಚೆ ಬದಿಗೇ ಬರಬೇಕಾದರೆ ಹೆಲ್ಪರ್ ಕೆಳಗಿಳಿದು ನನ್ನ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ಅವನು ಕಣ್ಮರೆಯಾದರೆ ಅಲ್ಲೇ ಬ್ರೇಕ್.