ಫೋಟೊ ಮೇಲೆ ನಿಮ್ಮ ಹೆಸರು ಉಳೀಬೇಕಾ? ವಾಟರ್‌ಮಾರ್ಕ್ ಹೀಗೆ ಹಾಕಿ

ಕೊಕ್ಕರೆಬೆಳ್ಳೂರಲ್ಲಿ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆ ಕಡ್ಡಿ ಕಚ್ಕೊಂಡು ಗೂಡಿಗಿಳಿಯೋ ಫೋಟೊ ಒಂದು ತೆಗೆದಿದ್ದೆ, ಅದಕ್ಕೋಸ್ಕರ ಬೆಳಗ್ಗೆ ಮೂರು ಗಂಟೆ ಹೊತ್ತು ಕತ್ತೆತ್ಕೊಂಡೇ ನಿಂತಿದ್ದೆ. ಕೆಳಗೆ ಮೂಲೇಲಿ ಸಣ್ಣಗೆ ಹೆಸರು ಹಾಕಿ ಫೇಸ್‌ಬುಕ್‌ಗೆ ಹಾಕಿದೆ. ಮುಂದಿನ ವರ್ಷ ಅದೇ ಫೋಟೊ ಯಾರ್ದೋ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿತ್ತು. ಕೆಳಗಿನ ಅಂಚು ಒಂಚೂರು ಕತ್ತರಿಸಿದ್ರು ಅಷ್ಟೆ, ಹೆಸರು ಹೋಗಿತ್ತು. ತುಂಬಾ ಬೇಜಾರಾಯ್ತು. ಹಾಗಾಗಿ ವಾಟರ್‌ಮಾರ್ಕ್ ಹಾಕೋದು ಹೇಗೆ ಅನ್ನೋದಕ್ಕಿಂತ ಎಲ್ಲಿ ಹಾಕೋದು ಅನ್ನೋದೇ ನನಗೆ ಮುಖ್ಯ.

ಮೊದಲು ಹೆಸರಿನ ಒಂದು ಪಿಎನ್‌ಜಿ (ಹಿನ್ನೆಲೆ ಪಾರದರ್ಶಕವಾಗಿ ಇಡೋಕಾಗೋ ಚಿತ್ರದ ಫೈಲ್) ಮಾಡ್ಕೊಳ್ಳಿ. ಗಿಂಪ್ ಅನ್ನೋ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಉಚಿತವಾಗಿ ಸಿಗತ್ತೆ, ಸಾಕು. ಹೊಸ ಫೈಲ್ ತೆರೆಯುವಾಗ ಅಗಲ 1200, ಎತ್ತರ 300 ಪಿಕ್ಸೆಲ್ ಕೊಟ್ಟು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿನ್ನೆಲೆ ಟ್ರಾನ್ಸ್‌ಪರೆಂಟ್ ಇರಲಿ. ಟೆಕ್ಸ್ಟ್ ಟೂಲ್ ತಗೊಂಡು ಬಿಳಿ ಬಣ್ಣದಲ್ಲಿ ಹೆಸರು ಬರೆದು, ಹಿಂದೆ ತೆಳ್ಳಗೆ ಒಂದು ಡ್ರಾಪ್ ಶ್ಯಾಡೊ ಕೊಡಿ, ಆಗ ಬಿಳಿ ರೆಕ್ಕೆ ಮೇಲೂ ಕಾಣತ್ತೆ. ಎಕ್ಸ್‌ಪೋರ್ಟ್ ಮಾಡುವಾಗ ಪಿಎನ್‌ಜಿ ಅಂತಾನೇ ಕೊಡಿ, ಜೆಪೆಗ್ ಮಾಡಿದ್ರೆ ಹಿನ್ನೆಲೆ ಪಾರದರ್ಶಕವಾಗಿ ಉಳಿಯಲ್ಲ.

ಹೆಸರು ಕನ್ನಡದಲ್ಲೇ ಹಾಕಿ ಅಂತ ನನ್ನ ಆಸೆ. ಯೂನಿಕೋಡ್ ಫಾಂಟ್ ಬಳಸಿ, ಗುಬ್ಬಿ, ನವಿಲು, ಬಾಲೂ ತಮ್ಮ ಎಲ್ಲಾ ಚೆನ್ನಾಗಿವೆ. ಫೋಟೊಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದು ಬಂದ್ರೆ ಗಾಬರಿ ಬೇಡ, ಟೆಕ್ಸ್ಟ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳಿಗೆ ಇರೋ ಲೇಔಟ್ ಆರಿಸಿದ್ರೆ ಸರಿಹೋಗತ್ತೆ.

ಈಗ ಆ ಪಿಎನ್‌ಜಿನ ಫೋಟೊ ಮೇಲೆ ಯಾವ ಜಾಗದಲ್ಲಿ ಇಡೋದು ಅನ್ನೋದು. ಖಾಲಿ ಆಕಾಶದ ಮೇಲೆ ಹಾಕಿದ್ರೆ ಅಳಿಸೋದು ಒಂದು ನಿಮಿಷದ ಕೆಲಸ, ಮೂಲೇಲಿ ಹಾಕಿದ್ರೆ ಕತ್ತರಿಸ್ತಾರೆ. ನಾನು ಹಾಕೋದು ಹಕ್ಕಿ ಮೈಯಂಚು ಹಿನ್ನೆಲೆಗೆ ತಾಗೋ ಕಡೆ, ರೆಕ್ಕೆ ತುದಿಯ ಗರಿಗಳು, ಹುಣಸೆ ರೆಂಬೆ, ಎಲೆ ಎಲ್ಲಾ ಒಟ್ಟಿಗೆ ಸಿಕ್ಕಾಕ್ಕೊಂಡಿರೋ ಜಾಗ. ಅಲ್ಲಿ ಅಳಿಸಕ್ಕೆ ಹೋದ್ರೆ ಗರಿಯ ಗೆರೆಗಳೂ ಹಾಳಾಗ್ತವೆ. ಕಣ್ಣು, ಮುಖದ ಮೇಲೆ ಮಾತ್ರ ಬೇಡ, ನೋಡೋರಿಗೆ ಫೋಟೊನೇ ಸಿಗಲ್ಲ. ಒಪ್ಯಾಸಿಟಿ (ಹೆಸರು ಎಷ್ಟು ಗಾಢವಾಗಿ ಕಾಣಬೇಕು ಅನ್ನೋದು) 25ರಿಂದ 35 ಪರ್ಸೆಂಟ್ ಒಳಗೆ ಇಟ್ಟು ನೋಡಿ.

ಇನ್ನೊಂದು ವಿಷಯ, 2017ರಲ್ಲಿ ಗೂಗಲ್ ಸಂಶೋಧಕರು ತೋರಿಸಿದ್ದು: ಒಂದೇ ವಾಟರ್‌ಮಾರ್ಕ್ ತುಂಬಾ ಫೋಟೊಗಳಲ್ಲಿದ್ರೆ ಕಂಪ್ಯೂಟರ್ ಎಲ್ಲಾನೂ ಹೋಲಿಸಿ ಗುರುತನ್ನ ಬೇರೆ ಮಾಡಿ ಅಳಿಸಿಬಿಡತ್ತೆ. ಬರೀ ಜಾಗ ಬದಲಿಸಿದ್ರೆ ಸಾಲಲ್ಲ, ಆಕಾರಾನೇ ಸ್ವಲ್ಪ ಸ್ವಲ್ಪ ಸೊಟ್ಟ ಮಾಡಿದ್ರೆ ಅಳಿಸಿದ ಕಡೆ ಕಲೆ ಉಳಿಯತ್ತೆ. ಅದಕ್ಕೇ ನಾನು ಗಿಂಪ್‌ನ ವಾರ್ಪ್ ಟೂಲ್‌ನಲ್ಲಿ ಅಕ್ಷರಗಳನ್ನ ಕಣ್ಣಿಗೆ ಗೊತ್ತಾಗದಷ್ಟು ಎಳೆದು ನಾಲ್ಕೈದು ಪಿಎನ್‌ಜಿ ಮಾಡಿಟ್ಕೊಂಡಿದೀನಿ. ಈಗಿನ ಎಐ ಎರೇಸರ್‌ಗಳ ಮುಂದೆ ಇದೂ ಪೂರ್ತಿ ಕಾವಲಲ್ಲ, ಆದ್ರೂ ಕಳ್ಳನಿಗೆ ಕೆಲಸ ಜಾಸ್ತಿ ಆಗತ್ತೆ.

ಮದುವೆ, ಜಾತ್ರೆ ಅಂತ ನೂರಾರು ಫೋಟೊ ಇದ್ರೆ, ಎಲ್ಲಕ್ಕೂ ಒಟ್ಟಿಗೆ ಹಾಕೋಕೆ ಎಕ್ಸ್‌ಎನ್‌ಕನ್ವರ್ಟ್ ಅನ್ನೋ ಸಾಫ್ಟ್‌ವೇರ್ ಬಳಸಿ. ಫೋಟೊಗಳನ್ನ ಇನ್‌ಪುಟ್‌ಗೆ ಎಳೆದು ಹಾಕಿ, ಆಕ್ಷನ್ಸ್‌ನಲ್ಲಿ ಮೊದಲು ರಿಸೈಜ್ (ಉದ್ದದ ಕಡೆ 1600 ಪಿಕ್ಸೆಲ್ ಸಾಕು), ಆಮೇಲೆ ವಾಟರ್‌ಮಾರ್ಕ್. ಈ ಕ್ರಮ ತಪ್ಪಿದ್ರೆ ಒಂದೊಂದು ಫೋಟೊದಲ್ಲಿ ಹೆಸರು ಒಂದೊಂದು ಸೈಜಲ್ಲಿ ಬರತ್ತೆ. ಔಟ್‌ಪುಟ್‌ಗೆ ಬೇರೆ ಫೋಲ್ಡರ್ ಕೊಡಿ, ಒರಿಜಿನಲ್ ಮೇಲೆ ಮಾತ್ರ ಯಾವತ್ತೂ ಸೇವ್ ಮಾಡಬೇಡಿ.

ಫೋನ್ ಆದ್ರೆ ಸ್ನ್ಯಾಪ್‌ಸೀಡ್‌ನ ಟೆಕ್ಸ್ಟ್ ಟೂಲ್ ಇದೆ, ಅದರಲ್ಲೂ ಒಪ್ಯಾಸಿಟಿ ಇಳಿಸಬಹುದು. ಕ್ಯಾಮೆರಾ ಆಪ್ ತಾನಾಗೇ ಫೋನ್ ಮಾಡೆಲ್ ಹೆಸರು ಅಚ್ಚು ಹಾಕ್ತಿದ್ರೆ ಆಫ್ ಮಾಡಿ, ಅಲ್ಲಿ ಇರಬೇಕಾದ್ದು ನಿಮ್ಮ ಹೆಸರು.

ಕಾನೂನೂ ನಿಮ್ಮ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ನಿಮಗೋಸ್ಕರ ತೆಗೆದ ಫೋಟೊದ ಹಕ್ಕು ನಿಮ್ಮದು, ನೋಂದಣಿ ಮಾಡಿಸ್ಲೇಬೇಕು ಅಂತಿಲ್ಲ. 2012ರ ತಿದ್ದುಪಡಿಯಲ್ಲಿ ಬಂದ 65ಬಿ ಸೆಕ್ಷನ್ ಪ್ರಕಾರ ಹಕ್ಕುದಾರರ ಹೆಸರಿನಂಥ ಮಾಹಿತೀನ ಬೇಕಂತಲೇ ತೆಗೆಯೋದು ಅಪರಾಧ, ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಆದ್ರೆ ಫೋಟೊ ನಿಮ್ಮದೇ ಅಂತ ತೋರಿಸೋಕೆ ರಾ ಫೈಲ್ (ಕ್ಯಾಮೆರಾದಿಂದ ಬರೋ ಮೂಲ ಫೈಲ್) ಗಟ್ಟಿ ಸಾಕ್ಷಿ ಆಗತ್ತೆ, ಹಾಗಾಗಿ ಅದನ್ನ ಡಿಲೀಟ್ ಮಾಡದೆ ಎರಡು ಕಡೆ ಇಟ್ಕೊಳ್ಳಿ. ನಾನು ಆ ಕೊಕ್ಕರೆ ಫೋಟೊದ್ದನ್ನ ಡಿಲೀಟ್ ಮಾಡಿದ್ದೆ.