ದೀಪ ಎಷ್ಟು ದೂರ? ಮೊದಲು ಅದನ್ನು ನೋಡಿ

ರಾತ್ರಿ ಫ್ಲ್ಯಾಶ್ ಹಾಕಿ ಗುಂಪಿನ ಫೋಟೊ ತೆಗೆದಿದ್ದೀರಿ. ಮುಂದಿನ ಸಾಲಿನವರ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದಿನ ಸಾಲು ಮಾತ್ರ ಕತ್ತಲು. ಹೀಗೆ ಎಲ್ಲರಿಗೂ ಆಗಿರುತ್ತದೆ ಅಲ್ವಾ? ಫ್ಲ್ಯಾಶ್‌ಗೆ ಶಕ್ತಿ ಸಾಲದು ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಪವರ್ ಏರಿಸಿದೆ. ಹಿಂದಿನವರು ಕಂಡರು, ಮುಂದಿನವರ ಮುಖ ಇನ್ನೂ ಬಿಳುಚಿತು. ಬೆಳಕು ಹೇಗೆ ಹರಡುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿದ ಮೇಲೇ ನನಗೆ ಇದು ಬಿಡಿಸಿಕೊಂಡಿದ್ದು.

ನೀವೂ ನೋಡಿ. ಮೊಬೈಲ್ ಟಾರ್ಚ್, ಒಂದು ರಟ್ಟು, ಖಾಲಿ ಗೋಡೆ ಇದ್ದರೆ ಸಾಕು. ರಟ್ಟಿನ ನಡುವೆ 2 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಚೌಕವಾದ ತೂತು ಮಾಡಿ. ಕೋಣೆಯ ದೀಪ ಆರಿಸಿ. ಟಾರ್ಚನ್ನು ಗೋಡೆಯಿಂದ 40 ಸೆಂ.ಮೀ. ದೂರದಲ್ಲಿಡಿ. ರಟ್ಟನ್ನು ಎರಡರ ಸರಿ ಮಧ್ಯದಲ್ಲಿ ಹಿಡಿಯಿರಿ. ಗೋಡೆಯ ಮೇಲೆ ಬಿದ್ದ ಬೆಳಕಿನ ಚೌಕವನ್ನು ಸ್ಕೇಲ್ ಇಟ್ಟು ಅಳೆದರೆ ಒಂದೊಂದು ಬದಿಯೂ ಸುಮಾರು 4 ಸೆಂ.ಮೀ. ಬರುತ್ತದೆ. ಈಗ ಟಾರ್ಚ್, ರಟ್ಟು ಎರಡನ್ನೂ ಒಟ್ಟಿಗೆ 20 ಸೆಂ.ಮೀ. ಹಿಂದಕ್ಕೆ ಸರಿಸಿ. ಚೌಕದ ಬದಿ 6 ಸೆಂ.ಮೀ. ಆಗುತ್ತದೆ. ಜೊತೆಗೆ ಚೌಕ ಮಂಕಾಗಿದೆ, ಗಮನಿಸಿ.

ತೂತಿನಿಂದ ಹೊರಬಂದ ಬೆಳಕು ಎರಡು ಸಲವೂ ಅಷ್ಟೇ. ಮೊದಲ ಸಲ ಅದು ತೂತಿನಷ್ಟೇ ದೊಡ್ಡ ನಾಲ್ಕು ಚೌಕಗಳಿಗೆ ಹಂಚಿಹೋಯಿತು, ಎರಡನೇ ಸಲ ಒಂಬತ್ತಕ್ಕೆ. ಟಾರ್ಚಿನಿಂದ ತೂತಿಗೆ ಎರಡು ಸಲವೂ 20 ಸೆಂ.ಮೀ., ಗೋಡೆಗೆ ಮಾತ್ರ ಮೊದಲು 40, ಆಮೇಲೆ 60. ಹಾಗಾಗಿ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಇದನ್ನು 1604ರಲ್ಲೇ ಯೊಹಾನೆಸ್ ಕೆಪ್ಲರ್ ಬರೆದಿಟ್ಟಿದ್ದ. ಶಾಲೆಯಲ್ಲಿ ವಿಲೋಮ ವರ್ಗ ನಿಯಮ ಅಂತ ಓದಿರುತ್ತೀರಿ.

ಇನ್ನು ಕ್ಯಾಮೆರಾ ತೆಗೆದುಕೊಳ್ಳಿ. ಮ್ಯಾನ್ಯುಯಲ್ ಮೋಡ್ ಬೇಕೇ ಬೇಕು. ಆಟೊದಲ್ಲಿಟ್ಟರೆ ಕ್ಯಾಮೆರಾ ತಾನೇ ಸರಿದೂಗಿಸಿಬಿಡುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಶೇಡ್ ಇಲ್ಲದ ಬಲ್ಬನ್ನು ಒಂದು ವಸ್ತುವಿನಿಂದ ಅರ್ಧ ಮೀಟರ್ ದೂರದಲ್ಲಿಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಎಫ್/4 (ಲೆನ್ಸಿನ ತೂತಿನ ಅಳತೆ), ಶಟರ್ (ಬೆಳಕು ಒಳಬರುವ ಸಮಯ) 1/60 ಸೆಕೆಂಡಿಗೆ ಫೋಟೊ ಸರಿಯಾಗಿ ಬಂತು ಅಂತಿಟ್ಟುಕೊಳ್ಳಿ. ಬಲ್ಬನ್ನು 1 ಮೀಟರಿಗೆ ಒಯ್ದರೆ ಮತ್ತೆ ಅದೇ ಫೋಟೊಗೆ 1/15 ಸೆಕೆಂಡ್ ಬೇಕು. 2 ಮೀಟರಿಗೆ ಒಯ್ದರೆ 1/4 ಸೆಕೆಂಡ್. ದೂರ ದುಪ್ಪಟ್ಟಾದಾಗಲೆಲ್ಲ ಎರಡು ಸ್ಟಾಪ್ ಹೋಯಿತು ಎಂದರ್ಥ; ಒಂದು ಸ್ಟಾಪ್ ಹೋದರೆ ಬೆಳಕು ಅರ್ಧವಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೈ ಅಲುಗುತ್ತದೆ. ಆಮೇಲೆ ಬಲ್ಬನ್ನು ಮುಟ್ಟದೆ ಕ್ಯಾಮೆರಾ ಮಾತ್ರ ಹಿಂದಕ್ಕೆ ಒಯ್ದು ನೋಡಿ. ವಸ್ತು ಚಿಕ್ಕದಾಗಿ ಕಾಣುತ್ತದೆ, ಆದರೆ ಕಪ್ಪಾಗುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ದೀಪದಿಂದ ವಸ್ತುವಿಗಿರುವ ದೂರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಹೆಜ್ಜೆ. ಒಬ್ಬರನ್ನು ಗೋಡೆಯಿಂದ 1 ಮೀಟರ್ ಮುಂದೆ ಕೂರಿಸಿ. ದೀಪ ಅವರ ಮುಖದಿಂದ 1 ಮೀಟರ್ ಇರಲಿ. ಗೋಡೆಗೆ 2 ಮೀಟರ್ ಆಯಿತು, ಮುಖಕ್ಕೆ ಬಿದ್ದ ಬೆಳಕಿನ ಕಾಲು ಭಾಗ ಮಾತ್ರ ಅದಕ್ಕೆ ಸಿಗುತ್ತದೆ. ದೀಪವನ್ನು ಅರ್ಧ ಮೀಟರಿಗೆ ತನ್ನಿ, ಮುಖಕ್ಕೆ ತಕ್ಕಂತೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಹೊಂದಿಸಿ. ಈಗ ಗೋಡೆಗೆ ಒಂಬತ್ತರಲ್ಲಿ ಒಂದು ಭಾಗ. ಕಡು ಬೂದಿ ಬಣ್ಣಕ್ಕೆ ತಿರುಗುತ್ತದೆ. ದೀಪವನ್ನು 4 ಮೀಟರ್ ದೂರ ಒಯ್ಯಿರಿ, ಎಕ್ಸ್‌ಪೋಷರನ್ನು ಮತ್ತೆ ಮುಖಕ್ಕೆ ಹೊಂದಿಸಿ. ಗೋಡೆಗೆ ಶೇ 64ರಷ್ಟು ಬೆಳಕು, ಬೆಳ್ಳಗೆ ಕಾಣುತ್ತದೆ. ಅದೇ ದೀಪ, ಅದೇ ಗೋಡೆ, ಅದೇ ಮುಖ. ಸುಮ್ನೆ ಓದಿ ಬಿಡಬೇಡಿ, ಮೂರೂ ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಮುಖದ ಮೇಲೂ ಇದೇ ಆಟ. ಪಕ್ಕದಿಂದ 30 ಸೆಂ.ಮೀ. ಹತ್ತಿರಕ್ಕೆ ದೀಪ ತಂದರೆ, 15 ಸೆಂ.ಮೀ. ಆಚೆಗಿರುವ ಇನ್ನೊಂದು ಕೆನ್ನೆಗೆ ಅರ್ಧಕ್ಕಿಂತ ಕಡಿಮೆ ಬೆಳಕು. ದೀಪ ಒಂದೂವರೆ ಮೀಟರ್ ದೂರವಿದ್ದರೆ ಆ ಕೆನ್ನೆಗೂ ಶೇ 80ಕ್ಕಿಂತ ಜಾಸ್ತಿ ಸಿಗುತ್ತದೆ.

ಸೂರ್ಯ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ. ಅವನ ಮುಂದೆ ನಮ್ಮ ನಾಲ್ಕು ಹೆಜ್ಜೆ ಲೆಕ್ಕಕ್ಕೇ ಇಲ್ಲ. ಕಿಟಕಿ, ಸಾಫ್ಟ್‌ಬಾಕ್ಸ್‌ನಂಥ (ದೀಪದ ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ) ಅಗಲವಾದ ಬೆಳಕು ತೀರಾ ಹತ್ತಿರದಲ್ಲಿದ್ದಾಗ ಈ ಲೆಕ್ಕ ಅಷ್ಟು ನಿಖರವಾಗಿ ಕೂರುವುದಿಲ್ಲ, ಬೆಳಕು ನಿಧಾನವಾಗಿ ಇಳಿಯುತ್ತದೆ. ಅದರ ಅಗಲದ ಐದು ಪಟ್ಟು ದೂರ ಹೋದ ಮೇಲೆ ನಿಯಮ ಹೆಚ್ಚುಕಡಿಮೆ ಸರಿಹೋಗುತ್ತದೆ. ಇನ್ನೊಂದು ಮಾತು. ಸಾಫ್ಟ್‌ಬಾಕ್ಸ್ ಹತ್ತಿರವಿದ್ದರೆ ನೆರಳಿನ ಅಂಚು ಮೆದು, ದೂರ ಹೋದಷ್ಟೂ ಗಡಸು. ಮೆದು ನೆರಳೂ ಬೇಕು, ಗೋಡೆಗೂ ಬೆಳಕು ಬೇಕು ಅಂದರೆ ಗೋಡೆಗೆ ಇನ್ನೊಂದು ದೀಪ ಇಡುವುದೇ ಒಳ್ಳೆಯದು.

ಈಗ ಮೊದಲಿನ ಗುಂಪಿನ ಫೋಟೊಗೆ ಬರೋಣ. ಫ್ಲ್ಯಾಶ್‌ನಿಂದ ಮುಂದಿನ ಸಾಲು 1 ಮೀಟರ್, ಹಿಂದಿನ ಸಾಲು ಒಂದೂವರೆ ಮೀಟರ್ ಇದ್ದರೆ ಹಿಂದಿನವರಿಗೆ ಸಿಗುವುದು ಶೇ 44. ಫ್ಲ್ಯಾಶನ್ನು ಇನ್ನೂ 3 ಮೀಟರ್ ಹಿಂದಕ್ಕೆ ಒಯ್ದರೆ ಶೇ 79. ಇದಕ್ಕೆ 16 ಪಟ್ಟು ಬೆಳಕು ಬೇಕು. ಆದ್ದರಿಂದ ಪವರ್ ಏರಿಸಿ, ಸಾಲದಿದ್ದರೆ ಐಎಸ್‌ಒ ಹೆಚ್ಚಿಸಿ. ಹಿಂದೆ ಹೋಗಲು ಜಾಗವೇ ಇಲ್ಲದಿದ್ದರೆ ಫ್ಲ್ಯಾಶ್‌ನ ಮುಖವನ್ನು ಬಿಳಿ ಚಾವಣಿಗೆ ತಿರುಗಿಸಿ. ಬೆಳಕು ಮೇಲೆ ಹೋಗಿ, ಅಗಲವಾಗಿ ಹರಡಿ, ಎರಡೂ ಸಾಲುಗಳ ಮೇಲೆ ಇಳಿಯುತ್ತದೆ.